ಬಿರುಗಾಳಿಯ ನಕ್ಷತ್ರ, ಅದರ ಕಾಣದ ಬಿಸಿ

ನೀಹಾರಿಕೆಗಳ ಬಣ್ಣದ ಚಿತ್ರಗಳಿಗೆ ಮನಸೋತವರು ಎಕ್ಸ್-ಕಿರಣದ ಚಿತ್ರವನ್ನು ಮೊದಲ ಸಲ ಕಂಡಾಗ ಮುಖ ಸಪ್ಪೆ ಮಾಡುತ್ತಾರೆ. ಮಿರುಗುವ ಎಳೆಗಳಿಲ್ಲ, ಮೋಡದ ಮಡಿಕೆಗಳಿಲ್ಲ. ಮಸುಕು ನೀಲಿಯ ಹರವು, ಮೇಲೊಂದಿಷ್ಟು ಚುಕ್ಕೆ. ಆ ನೀಲಿಯೂ ಕಣ್ಣಿಗೆ ಕಾಣದ್ದಕ್ಕೆ ಯಾರೋ ಹಚ್ಚಿದ ಬಣ್ಣ. ಇಲ್ಲಿ ರುಚಿ ಇರುವುದು ಹೊಳಪಿನಲ್ಲಲ್ಲ, ಇರಬೇಕಾದ್ದು ಏಕಿಲ್ಲ ಎಂಬ ಪ್ರಶ್ನೆಯಲ್ಲಿ.

ಅಭ್ಯಾಸಕ್ಕೆ ಎಸ್ 308 ಎಂಬ ಗುಳ್ಳೆಯಾಕಾರದ ನೀಹಾರಿಕೆ ಸಾಕು. ಲುಬ್ಧಕದಿಂದ ಸುಮಾರು 7 ಡಿಗ್ರಿ ದಕ್ಷಿಣಕ್ಕೆ ಇಳಿದರೆ ಡಬ್ಲ್ಯುಆರ್ 6 ಎಂಬ ನಕ್ಷತ್ರ; ಫೆಬ್ರವರಿಯ ಸಂಜೆ ನಮ್ಮೂರಿನ ಕತ್ತಲಲ್ಲೂ ಬೈನಾಕ್ಯುಲರ್‌ಗೆ ಸಿಗುತ್ತದೆ. ಸುತ್ತಲಿನ ಗುಳ್ಳೆ ಮಾತ್ರ ಸಿಗದು. ಹುಣ್ಣಿಮೆ ಚಂದ್ರನಿಗಿಂತ ಅಗಲವಿದ್ದರೂ ಅಷ್ಟು ಮಂಕು. 1867ರಲ್ಲಿ ಪ್ಯಾರಿಸ್ ವೀಕ್ಷಣಾಲಯದಲ್ಲಿ ಈ ಬಗೆಯ ನಕ್ಷತ್ರಗಳನ್ನು ಮೊದಲು ಗುರುತಿಸಿದ ವುಲ್ಫ್ ಮತ್ತು ರಾಯೆ ಇಬ್ಬರ ಹೆಸರೇ ಇವಕ್ಕೆ ನಿಂತಿದೆ. ಉಬ್ಬಿದ ಮಹಾದೈತ್ಯನಾಗಿದ್ದಾಗ ಈ ನಕ್ಷತ್ರ ನಿಧಾನವಾಗಿ ಅನಿಲ ಚೆಲ್ಲಿತ್ತು. ಹೊರಪದರ ಕಳಚಿದ ಮೇಲೆ ಸೆಕೆಂಡಿಗೆ ಸುಮಾರು 1,700 ಕಿಲೋಮೀಟರ್ ವೇಗದ ಗಾಳಿ ಹೊರಟು, ಹಿಂದಿನದನ್ನು ಅಟ್ಟಿಸಿಕೊಂಡು ಹೋಗಿ ಗುಡಿಸಿ ಚಿಪ್ಪು ಕಟ್ಟಿತು. ಸಾಮಾನ್ಯ ಚಿತ್ರದಲ್ಲಿ ಕಾಣುವುದು ಈ ಚಿಪ್ಪು. ಎಕ್ಸ್-ಕಿರಣ ಬರುವುದು ಅದರ ಒಳಗಿನಿಂದ.

ಲೆಕ್ಕದ ಪ್ರಕಾರ ಅಷ್ಟು ವೇಗದ ಗಾಳಿ ಗಕ್ಕನೆ ತಡೆದು ನಿಂತರೆ ಸುಮಾರು 4 ಕೋಟಿ ಡಿಗ್ರಿಗೆ ಕಾಯಬೇಕು. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ ಅಳೆದಾಗ ಸಿಕ್ಕಿದ್ದು 10 ಲಕ್ಷದ ಆಸುಪಾಸು. ಉಳಿದ ಬಿಸಿ ಎಲ್ಲಿ ಹೋಯಿತು? ಉತ್ತರದ ಎಳೆ ರೋಹಿತದಲ್ಲಿದೆ. ಹಾಗಾಗಿ ಚಿತ್ರಕ್ಕಿಂತ ಮೊದಲು ಅದನ್ನು ನೋಡಿ ಎನ್ನುತ್ತೇನೆ. ಎಡತುದಿಯಲ್ಲಿ, 0.43 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಒಂದು ದಿಣ್ಣೆ ಎದ್ದಿರುತ್ತದೆ. ಅದು ಐದು ಎಲೆಕ್ಟ್ರಾನ್ ಕಳೆದುಕೊಂಡ ಸಾರಜನಕ. ಹೊರಗಿನ ಚಿಪ್ಪೂ ಸಾರಜನಕ ತುಂಬಿದ್ದೇ. ಅಂದರೆ ಚಿಪ್ಪಿನ ತಂಪು ಅನಿಲ ಒಳಗಿನ ಬಿಸಿಗೆ ಬೆರೆತು ಅದನ್ನು ತಣಿಸಿದೆ. ಶಾಖ ಚಿಪ್ಪಿಗೆ ಹರಿದು ಅನಿಲವನ್ನು ಆವಿ ಮಾಡಿತೋ, ಸುಳಿಗಳು ಕಲಸಿದವೋ ಎಂಬ ವಾದ ಇನ್ನೂ ನಡೆದಿದೆ. ನನಗೆ ಸುಳಿಗಳ ಪಕ್ಷ ಇಷ್ಟ. ಚಿಪ್ಪು ಹರಿದು ಗಂಟುಗಂಟಾಗಿರುವುದನ್ನು ಕಂಡ ಮೇಲೆ ಬರಿಯ ಶಾಖವಹನ ಸಾಕೆನಿಸುವುದಿಲ್ಲ.

ಈಗ ಚಿತ್ರಕ್ಕೆ ಬನ್ನಿ. ನಡುವಿನ ಪ್ರಖರ ಚುಕ್ಕೆ ನಕ್ಷತ್ರವೇ. ಅದನ್ನು ಬೆರಳಿನಿಂದ ಮುಚ್ಚಿಬಿಡಿ. ಸೋಪುನೀರಿನ ಗುಳ್ಳೆಯ ಹಾಗೆ ನಡುವು ಮಂಕು, ಅಂಚು ಗಟ್ಟಿ: ಬಿಸಿ ಅನಿಲ ಚಿಪ್ಪಿನ ಒಳಮೈಯ ಹತ್ತಿರ ನೆರೆದಿದೆ. ಆಮ್ಲಜನಕದ ಬೆಳಕಿನ ಚಿತ್ರವನ್ನು ಇದರ ಮೇಲಿಟ್ಟು ನೋಡಿದರೆ ಎರಡೂ ಅಂಚುಗಳ ನಡುವೆ ಸಣ್ಣ ಸಂದು ಉಳಿಯುತ್ತದೆ. ಬಿಸಿಯೂ ತಂಪೂ ಕೈಬದಲಾಯಿಸುವ ಜಾಗ ಅದು. ಇಡೀ ಚಿತ್ರದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ.

ಚಿತ್ರ ತಯಾರಾದ ಬಗೆಯನ್ನೂ ಕೇಳಬೇಕು. ಎಕ್ಸ್‌ಎಂಎಂನ ಒಂದು ನೋಟ ಅರ್ಧ ಡಿಗ್ರಿಯಷ್ಟೇ, ಇಡೀ ಎಸ್ 308ಕ್ಕೆ ಹಲವು ನೋಟ ಜೋಡಿಸಬೇಕಾಯಿತು. ಪ್ರೋಟಾನ್‌ಗಳ ಹೊಡೆತಕ್ಕೆ ಸಿಕ್ಕ ಹೊತ್ತನ್ನೆಲ್ಲ ಕತ್ತರಿಸಿ ಎಸೆಯುತ್ತಾರೆ. ಗುಳ್ಳೆಗೆ ಸೇರದ ಚುಕ್ಕೆಗಳನ್ನು ತೆಗೆಯುತ್ತಾರೆ, ಉಳಿದದ್ದನ್ನು ಹದಗೊಳಿಸುತ್ತಾರೆ. ಹದ ಹೆಚ್ಚಾದ ಚಿತ್ರದಲ್ಲಿ ಎರಡು-ಮೂರು ಫೋಟಾನ್ ಕೂಡ ಮೋಡದಂತೆ ತೋರುತ್ತವೆ, ಜೋಕೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತ ಚಂದ್ರಾ ದೂರದರ್ಶಕದ ನೋಟ ಇನ್ನಷ್ಟು ಕಿರಿದು, ಆದರೆ ತೀಕ್ಷ್ಣ. ಚುಕ್ಕೆ ಯಾವುದು, ಹರವು ಯಾವುದು ಎಂದು ಬಿಡಿಸಲು ಅದೇ ಬೇಕು.

ಮುಂದಿನ ಮೆಟ್ಟಿಲು ಇಂಥದೇ ಇನ್ನೊಂದು ಗುಳ್ಳೆ, ರಾಜಹಂಸ ನಕ್ಷತ್ರಪುಂಜದ ಎನ್‌ಜಿಸಿ 6888. ಆ ದಿಕ್ಕಿನಲ್ಲಿ ನಡುವೆ ಧೂಳು, ಅನಿಲ ಜಾಸ್ತಿ. ಮೃದು ಎಕ್ಸ್-ಕಿರಣವನ್ನು ಅವು ನುಂಗುತ್ತವೆ. ಉದ್ದನೆಯ ಗುಳ್ಳೆಯ ಎರಡು ತುದಿಗಳು ಗಾಢವಾಗಿ ಕಾಣುತ್ತವೆ, ವಾಯವ್ಯದಲ್ಲಿ ಚಿಪ್ಪು ಬಿರಿದು ಬಿಸಿ ಹೊರಚೆಲ್ಲಿದ ಜಾಗ ಮೂರನೆಯದು.

ಕೊನೆಗೆ ಎನ್‌ಜಿಸಿ 7635, ಅಂದರೆ ಹಬಲ್‌ನಿಂದ ಜನಪ್ರಿಯವಾದ ಬಬಲ್ ನೀಹಾರಿಕೆ. ಬಲವಾದ ಗಾಳಿ, ಅಂದದ ಗುಳ್ಳೆ, ಎಲ್ಲವೂ ಇದೆ. ಎಕ್ಸ್‌ಎಂಎಂ ಕಣ್ಣಿಟ್ಟಾಗ ಗುಳ್ಳೆಯೊಳಗೆ ಹರಡಿದ ಎಕ್ಸ್-ಕಿರಣ ಪತ್ತೆಯಾಗಲಿಲ್ಲ. ಇಂಥ ಖಾಲಿ ಚಿತ್ರವನ್ನು ಪುಟ ತಿರುವಿ ದಾಟಬೇಡಿ: ಎಷ್ಟು ಮಂಕಿನವರೆಗೆ ಹುಡುಕಿದ್ದಾರೆ ಎಂಬ ಸಂಖ್ಯೆ ಅದರ ಜೊತೆಗೇ ಇರುತ್ತದೆ, ಗಾಳಿಯ ಸಿದ್ಧಾಂತಗಳೆಲ್ಲ ಆ ಮಿತಿಯೊಳಗೇ ಹೊಂದಬೇಕು.