ದಾಳದ ಬಂದೂಕು, ಮುಳಬಾಗಿಲಿನ ಬಂಡೆ

ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಬಂದೂಕು ನಿಜವಾದ ಬಂದೂಕಿನಂತೆಯೇ ನಡೆದುಕೊಳ್ಳಬೇಕು ಎನ್ನುವ ಒಂದು ಪಂಥವಿದೆ. ಆಟಗಾರ ತನ್ನ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾನೆ, ದಾಳ ಉರುಳುತ್ತದೆ, ಆಟ ನಡೆಸುವವನು ಪರಿಣಾಮ ತಿಳಿಸುತ್ತಾನೆ. ಈ ಹೆಜ್ಜೆಗಳ ನಡುವೆ ಎಷ್ಟು ಲೆಕ್ಕ ತುಂಬಬಹುದು ಎಂಬುದೇ ಈ ಪಂಥದ ಕಸುಬು: ಗುಂಡಿನ ವ್ಯಾಸ, ನಳಿಗೆಯ ಉದ್ದ, ಕಾಡತೂಸಿನ ತೂಕ, ದೂರ ಹೆಚ್ಚಿದಂತೆ ಕುಗ್ಗುವ ವೇಗ, ಗುಂಡು ಹೊಕ್ಕ ಅಂಗ. 1975ರಿಂದಾಚೆಗಿನ ಎರಡು ದಶಕ ಅಮೆರಿಕದಲ್ಲಿ ಇದರ ಸುಗ್ಗಿಕಾಲ. ಸಾಧನೆ ಸಣ್ಣದೇನಲ್ಲ. ಆದರೆ ಪಂಥ ಯಾವುದನ್ನು ವಾಸ್ತವವೆಂದು ಎಣಿಸಿತು, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದು ನೋಡಲು ಅಮೆರಿಕದ ಬೀದಿ ಕಾಳಗಕ್ಕಿಂತ ಕೋಲಾರ ಸೀಮೆಯ 1768ರ ದಂಡಯಾತ್ರೆ ಒಳ್ಳೆಯ ಒರೆಗಲ್ಲು.

ಪಂಥದ ಬೇರು ಪ್ರಷ್ಯಾದಲ್ಲಿದೆ. ಅಲ್ಲಿನ ಸೈನ್ಯಾಧಿಕಾರಿ ಷಾರ್ನ್‌ಹೋರ್ಸ್ಟ್ ಬಂದೂಕಿನ ಹೊಡೆತದ ಪರಿಣಾಮವನ್ನು ಗುರಿಹಲಗೆಗಳ ಮೇಲೆ ಅಳೆದು 1813ರಲ್ಲಿ ಪುಸ್ತಕ ಪ್ರಕಟಿಸಿದ. ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿ 1824ರಲ್ಲಿ ಹೊರತಂದ ಕ್ರೀಗ್ಸ್‌ಸ್ಪೀಲ್ ಎಂಬ ಯುದ್ಧದಾಟದ ಕೋಷ್ಟಕಗಳಿಗೆ ಆಧಾರ ಇಂಥ ಅಳತೆಗಳೇ. ನಕಾಶೆಯ ಮೇಲೆ ದಳಗಳನ್ನು ಸರಿಸಿ, ದಾಳ ಹಾಕಿ, ಸತ್ತವರ ಲೆಕ್ಕವನ್ನು ಕೋಷ್ಟಕದಲ್ಲಿ ನೋಡುವುದು ಅದರ ಕ್ರಮ. ಗುಂಡಿನ ಭೌತಶಾಸ್ತ್ರ ಆಟದ ನಿಯಮಕ್ಕೆ ಇಳಿದದ್ದು ಹೀಗೆ. ಮುಂದೆ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಏಟುಗಳೆಲ್ಲ ಹಿಟ್ ಪಾಯಿಂಟ್ ಎಂಬ ಒಂದೇ ಹುಂಡಿಯಿಂದ ಕಳೆದುಹೋಗತೊಡಗಿದವು. ಕತ್ತಿಯೇಟು, ಬಾಣ, ಬೆಂಕಿ, ಎಲ್ಲಕ್ಕೂ ಒಂದೇ ನಾಣ್ಯ. ಹಿಟ್ ಪಾಯಿಂಟ್ ಸಾಕಷ್ಟಿರುವ ವೀರನೊಬ್ಬ ಎದೆಗೆ ನಾಲ್ಕು ಗುಂಡು ತಿಂದೂ ಓಡಾಡಿಕೊಂಡಿರಬಹುದು ಎಂಬ ಅಸಂಬದ್ಧತೆ ಬಂದೂಕು ಬಲ್ಲ ಆಟಗಾರರನ್ನು ಕೆರಳಿಸಿತು. ವಾಸ್ತವವಾದಿ ಪಂಥ ಹುಟ್ಟಿದ್ದು ಆ ಸಿಟ್ಟಿನಿಂದ.

1975ರ ಬೂಟ್ ಹಿಲ್ ಕೌಬಾಯ್ ಕಾಲದ ಪಿಸ್ತೂಲು ಕಾಳಗವನ್ನು, 1977ರ ಟ್ರಾವೆಲರ್ ಬಾಹ್ಯಾಕಾಶದಲ್ಲೂ ಕಾಡತೂಸಿನ ತೂಕವನ್ನು ಆಟಕ್ಕೆ ತಂದವು. 1980ರ ಮಾರೋ ಪ್ರಾಜೆಕ್ಟ್, 1981ರ ಆಫ್ಟರ್‌ಮ್ಯಾತ್ ಇನ್ನಷ್ಟು ಮುಂದೆ ಹೋದವು. ತುದಿ ಮುಟ್ಟಿದ್ದು 1986ರ ಫೀನಿಕ್ಸ್ ಕಮಾಂಡ್. ಅದರ ಒಂದು ಸುತ್ತು ಎರಡು ಸೆಕೆಂಡು; ಆ ಎರಡು ಸೆಕೆಂಡನ್ನು ಮತ್ತೆ ಅರ್ಧರ್ಧ ಸೆಕೆಂಡಿನ ನಾಲ್ಕು ಪಾಲು ಮಾಡಿದೆ. ಗುಂಡು ಯಾವ ಎಲುಬನ್ನು ಮುರಿಯಿತು, ಯಾವ ಅಂಗದಲ್ಲಿ ನಿಂತಿತು ಎಂಬುದಕ್ಕೂ ಕೋಷ್ಟಕ. ಒಂದು ಗುಂಡಿನ ಗತಿ ತಿಳಿಯಲು ಆಟಗಾರರು ಪುಟದಿಂದ ಪುಟಕ್ಕೆ ಅಲೆಯಬೇಕು. ಅದೇ ವರ್ಷ ಹೊರಬಂದ ಸ್ಟೀವ್ ಜಾಕ್ಸನ್‌ರ ಗರ್ಪ್ಸ್ ಒಂದು ಸೆಕೆಂಡಿನ ಸುತ್ತನ್ನು ಹಿಡಿದರೂ ಕೈಗೆಟುಕುವ ಮಟ್ಟದಲ್ಲಿ ಉಳಿಯಿತು. ಬಂದೂಕು ಕೈಕೊಡುವ ಸಂಭವಕ್ಕೂ ಅದರಲ್ಲಿ ಒಂದು ಅಂಕಿ ಉಂಟು.

ಇವುಗಳಲ್ಲಿ ನಿಜಕ್ಕೂ ಹೊಸದನ್ನು ಕಂಡದ್ದು 1984ರ ಟ್ವೈಲೈಟ್ 2000. ಅಣುಯುದ್ಧದ ಬಳಿಕ ಪೋಲೆಂಡಿನಲ್ಲಿ ದಿಕ್ಕುಗೆಟ್ಟ ಸೈನಿಕರ ಕಥೆ ಅದು. ಕಾರ್ಖಾನೆಗಳಿಲ್ಲ, ಸರಬರಾಜಿಲ್ಲ, ಇರುವ ಕಾಡತೂಸು ಇದ್ದಷ್ಟೇ. ಆದ್ದರಿಂದ ಎಣಿಕೆಗೆ ಅರ್ಥ ಬಂತು. ಗುಂಡು ಹೊಡೆಯಲೇ ಬೇಡವೇ ಎಂಬ ಪ್ರಶ್ನೆ ದಾಳಕ್ಕೆ ಮುಂಚೆ ಎದ್ದು ನಿಂತಿತು. ಜೊತೆಗೆ, ಗುಂಡಿನ ಸುರಿಮಳೆಯ ನಡುವೆ ಒಬ್ಬ ಎಷ್ಟು ಹೊತ್ತು ಅಳುಕಿ ನಿಲ್ಲುತ್ತಾನೆ ಎಂಬುದಕ್ಕೂ ಆ ಆಟ ಪ್ರತಿ ಪಾತ್ರಕ್ಕೆ ಒಂದು ಅಂಕಿ ಕೊಟ್ಟಿತು. ಫೀನಿಕ್ಸ್ ಕಮಾಂಡ್‌ನ ಗಾಯದ ಕೋಷ್ಟಕಗಳಿಗೆ ಹೋಲಿಸಿದರೆ ಇವು ಸಣ್ಣ ನಿಯಮಗಳು. ವಾಸ್ತವಕ್ಕೆ ಹೆಚ್ಚು ಹತ್ತಿರ ಹೋದದ್ದು ಇವೇ.

ಈಗ ಕೋಲಾರ. ಮೊದಲ ಆಂಗ್ಲೋ-ಮೈಸೂರು ಯುದ್ಧ 1767ರಿಂದ 1769ರವರೆಗೆ ನಡೆಯಿತು. ಅದರ ಎರಡನೆಯ ವರ್ಷದ ಓಡಾಟದಲ್ಲಿ ಬಹುಪಾಲು ಹೊಸಕೋಟೆ, ಮಾಲೂರು, ಕೋಲಾರ, ಮುಳಬಾಗಿಲುಗಳ ನಡುವಿನದು. ಒಂದು ಕಡೆ ಕರ್ನಲ್ ಸ್ಮಿತ್ ಮತ್ತು ಕರ್ನಲ್ ವುಡ್ ಅವರ ಈಸ್ಟ್ ಇಂಡಿಯಾ ಕಂಪನಿ ದಳಗಳು, ಇನ್ನೊಂದು ಕಡೆ ಇದೇ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. ಕಂಪನಿಯ ಸಿಪಾಯಿಗಳ ಕೈಲಿ ಚಕಮಕಿ ಬಂದೂಕು. ಹೈದರನ ಕಡೆ ಚಕಮಕಿಯೂ ಇತ್ತು, ಬತ್ತಿ ಹೊತ್ತಿಸಿ ಹಾರಿಸುವ ಹಳೆಯ ಕೋವಿಯೂ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕುದುರೆ ಇತ್ತು.

ಆ ಕಾಲದ ಬಂದೂಕನ್ನು ವಾಸ್ತವವಾದಿ ಆಟದ ಮೇಜಿನ ಮೇಲಿಟ್ಟರೆ ಮೊದಲು ಮುರಿಯುವುದು ಕಾಲದ ಅಳತೆ. ಕಾಗದದ ಕಾಡತೂಸನ್ನು ಹಲ್ಲಿನಿಂದ ಹರಿದು, ಕಿವಿಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಿ, ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡು ತುರುಕಿ, ಗಜದಿಂದ ಜಡಿದು, ಬಂದೂಕಿನ ಕುದುರೆಯನ್ನು ಹಿಂದಕ್ಕೆಳೆದು ಗುರಿ ಹಿಡಿಯುವಷ್ಟರಲ್ಲಿ ಪಳಗಿದ ಸಿಪಾಯಿಗೂ ಇಪ್ಪತ್ತರಿಂದ ಮೂವತ್ತು ಸೆಕೆಂಡು ಬೇಕು. ಒಂದು ಸೆಕೆಂಡಿನ ಸುತ್ತಿನ ಆಟದಲ್ಲಿ ಹಾಗೆಂದರೆ ಒಮ್ಮೆ ಹೊಡೆದ ಆಟಗಾರ ಇಪ್ಪತ್ತು ಸುತ್ತಿಗೂ ಹೆಚ್ಚು ಕಾಲ ‘ತುಂಬುತ್ತಿದ್ದೇನೆ’ ಎಂದು ಹೇಳುತ್ತ ಕೂರಬೇಕು. ನಿಯಮ ತಪ್ಪಿಲ್ಲ, ಅಂಕಿ ತಪ್ಪಿಲ್ಲ. ಆಟ ಮಾತ್ರ ನಿಂತುಹೋಗಿದೆ. ಆ ಇಪ್ಪತ್ತು ಸೆಕೆಂಡಿನಲ್ಲಿ ಎದುರಿನ ಕುದುರೆ ಸವಾರ ಎಷ್ಟು ದೂರ ಬಂದ, ಪಕ್ಕದವನ ಕೈ ನಡುಗಿತೇ, ಸಾಲು ನಿಂತಿದೆಯೇ ಎಂಬುದೇ ಅಂದಿನ ಕಾಳಗ. ಕಾಡತೂಸು ತಾನಾಗಿ ನಳಿಗೆಗೆ ಏರುವ ಬಂದೂಕಿಗೆಂದು ಬರೆದ ನಿಯಮಕ್ಕೆ ಆ ಬಿಡುವು ಬರೀ ಕಾಯುವ ಹೊತ್ತು.

ಎರಡನೆಯದು ಗುಂಡು. ಕಂಪನಿಯ ಬಂದೂಕಿನ ಸೀಸದ ಗುಂಡು ಸುಮಾರು 30 ಗ್ರಾಂ ತೂಗುತ್ತಿತ್ತು. ಇಂದಿನ ಅಮೆರಿಕನ್ ಸೈನಿಕ ರೈಫಲಿನ ಗುಂಡು ನಾಲ್ಕು ಗ್ರಾಂ ಆಸುಪಾಸು. ನಳಿಗೆಯ ಬಾಯಲ್ಲಿ ಅಳೆದರೆ ಹಳೆಯ ಗುಂಡಿನ ಶಕ್ತಿಯೇ ಹೆಚ್ಚು. ಆದರೆ ದುಂಡಗಿನ ಸೀಸ ಗಾಳಿಯಲ್ಲಿ ಬಹುಬೇಗ ವೇಗ ಕಳೆದುಕೊಳ್ಳುತ್ತದೆ. ನಳಿಗೆಗೆ ಸಡಿಲವಾಗಿ ಕೂತ ಕಾರಣ ನೆಟ್ಟಗೂ ಹೋಗುವುದಿಲ್ಲ. ನೂರು ಗಜದಾಚೆ ಒಬ್ಬನನ್ನು ಆರಿಸಿ ಹೊಡೆಯುವುದು ಅದೃಷ್ಟದ ಮಾತು. ಇಲ್ಲಿ ಪಂಥದ ಸೂತ್ರಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ ಎಂದು ಒಪ್ಪಬೇಕು. ಹತ್ತಿರದಲ್ಲಿ ಎಲುಬು ಪುಡಿಮಾಡುವ, ದೂರದಲ್ಲಿ ನಿಷ್ಪ್ರಯೋಜಕವಾಗುವ ಈ ಗುಣವನ್ನು ಗರ್ಪ್ಸ್‌ನಂಥ ಆಟ ಹಿಡಿದಷ್ಟು ಚೆನ್ನಾಗಿ ಹಿಟ್ ಪಾಯಿಂಟಿನ ಆಟ ಹಿಡಿಯಲಾರದು. ಕಲ್ಲು ಸವೆದು ಕಿಡಿ ಹಾರದಿರುವುದು, ಮದ್ದು ತೇವ ಹಿಡಿಯುವುದು ಇವಕ್ಕೂ ಕೈಕೊಡುವ ಅಂಕಿಯಲ್ಲಿ ಜಾಗವಿದೆ. ಕೋಲಾರ ಸೀಮೆಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಬತ್ತಿ ಕೋವಿಯ ದಂಡಿಗೆ ಆಕಾಶ ನೋಡದೆ ದಾಳ ಹಾಕುವಂತಿಲ್ಲ.

ಬಾಯಿಂದ ಮದ್ದು ತುಂಬುವ ಕೋವಿ ಪೂರ್ತಿ ಇತಿಹಾಸವಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಬೆಳೆ ಕಾಯಲು ಅಂಥ ಕೋವಿಗೆ ಪರವಾನಗಿ ಕೊಡುವ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಶ್ರೀನಿವಾಸಪುರದ ಮಾವಿನ ತೋಟದಂಥ ಕಡೆ ಅದಕ್ಕೆ ಕೆಲಸವೆಂದರೆ ಮುಖ್ಯವಾಗಿ ಸದ್ದು ಮಾಡುವುದು: ಕೋತಿಗೆ ಗುಂಡು ತಾಗಬೇಕಿಲ್ಲ, ಕೋತಿ ಹೋದರೆ ಸಾಕು. ಆಟದ ಕೋಷ್ಟಕಗಳಲ್ಲಿ ಈ ಸದ್ದಿಗೆ ಕಾಲಂ ಇಲ್ಲ.

1768ರಲ್ಲಿ ಸದ್ದೇ ಎರಡು ಬಾರಿ ಕಾಳಗದ ದಿಕ್ಕು ತಿರುಗಿಸಿತು. ಎರಡನ್ನೂ ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಮೊದಲನೆಯದು ಬೂದಿಕೋಟೆ, ಮಾಲೂರುಗಳ ಸರಹದ್ದಿನಲ್ಲಿ ನಡೆದದ್ದು. ವುಡ್‌ನ ಮೇಲೆ ಬೀಳಲು ಹೊರಟಿದ್ದ ಹೈದರನನ್ನು ಹಿಡಿಯಲು ಸ್ಮಿತ್ ಮಾಲೂರಿನ ಕಡೆಯಿಂದ ಸದ್ದಿಲ್ಲದೆ ಹೊಂಚಿದ. ಸ್ಮಿತ್ ಬರುತ್ತಿದ್ದಾನೆಂದು ತಿಳಿದ ವುಡ್ ಆತನ ಗೌರವಾರ್ಥ ತೋಪುಗಳ ಸಲಾಮಿ ಹಾರಿಸಿದ. ಅದು ಕೇಳಿದ್ದೇ ತಡ, ಹೈದರನಿಗೆ ಅಪಾಯದ ಸುಳಿವು ಸಿಕ್ಕು ಆತ ಜಾರಿಕೊಂಡ. ಒಂದು ಗುಂಡೂ ಯಾರಿಗೂ ತಾಗಲಿಲ್ಲ, ಆದರೂ ಆ ದಂಡಯಾತ್ರೆಯಲ್ಲಿ ಕಂಪನಿ ಹಾರಿಸಿದ ಅತಿ ದುಬಾರಿ ಮದ್ದು ಅದೇ ಇರಬೇಕು.

ಎರಡನೆಯದು ಅಕ್ಟೋಬರ್‌ನಲ್ಲಿ, ಮುಳಬಾಗಿಲಿನಲ್ಲಿ. ಆರ್ಕಾಟಿನ ನವಾಬನ ಕಾವಲಿನಲ್ಲಿದ್ದ ಬೆಟ್ಟದ ಕೋಟೆ ಹೈದರನ ವಶವಾಗಿತ್ತು. ಅದನ್ನು ಮರಳಿ ಹಿಡಿಯಲು ಬಂದ ವುಡ್ ಕೆಳಗಿನ ಕೋಟೆ ತೆಗೆದುಕೊಂಡರೂ ಮೇಲಿನ ಬೆಟ್ಟ ಏರಲಾಗಲಿಲ್ಲ. ಅಷ್ಟರಲ್ಲಿ ಹೈದರನೇ ಬಂದ. ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳು ಚೆಲ್ಲಾಡಿದ ಆ ನೆಲದಲ್ಲಿ ಸಾಲು ಕಟ್ಟಿ ನಿಲ್ಲುವುದೇ ಕಷ್ಟ. ವುಡ್‌ನ ದಳ ಬಂಡೆಗಳ ನಡುವೆ ಸಿಕ್ಕಿ ಸೋಲಿನ ಅಂಚಿಗೆ ಬಂತು. ಸಾಮಾನು ಸರಂಜಾಮು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ನಡೆಯಬಲ್ಲ ಗಾಯಾಳುಗಳನ್ನೂ ಕಾಯಿಲೆಯವರನ್ನೂ ಕೂಡಿಸಿಕೊಂಡು, ಎರಡು ತೋಪುಗಳನ್ನು ಸುತ್ತುಬಳಸು ಮರೆಯ ದಾರಿಯಲ್ಲಿ ಒಂದು ಚಪ್ಪಟೆ ಬಂಡೆಯ ನೆತ್ತಿಗೆ ಏರಿಸಿದ. ಅಲ್ಲಿಂದ ಗೊಂಚಲು ಗುಂಡು ಹಾರಿಸುತ್ತ ಎಲ್ಲರೂ ‘ಹುಜ್ಜಾ! ಸ್ಮಿತ್! ಸ್ಮಿತ್!’ ಎಂದು ಕೂಗಿದರು. ಸ್ಮಿತ್ ಆ ಸುತ್ತಮುತ್ತ ಎಲ್ಲೂ ಇರಲಿಲ್ಲ. ಎರಡೂ ಕಡೆಯವರು ನಂಬಿದರು. ಮೈಸೂರಿನವರು ಹಿಂದೆ ಸರಿದರು, ವುಡ್‌ನವರಿಗೆ ಜೀವ ಬಂತು. ಮೋಸ ತಿಳಿದು ಹೈದರ್ ಮತ್ತೆ ಮೇಲೆ ಬೀಳುವಷ್ಟರಲ್ಲಿ ವುಡ್ ಒಳ್ಳೆಯ ನೆಲೆ ಹಿಡಿದಿದ್ದ, ಹೊತ್ತೂ ಮುಳುಗುತ್ತ ಬಂದಿತ್ತು.

ಈ ಮಧ್ಯಾಹ್ನವನ್ನು ಫೀನಿಕ್ಸ್ ಕಮಾಂಡ್‌ನಲ್ಲಿ ಆಡಿಸಿದರೆ ಎರಡು ತೋಪಿನ ಗೊಂಚಲು ಗುಂಡು ಎಷ್ಟು ಜನರ ಯಾವ ಅಂಗಕ್ಕೆ ತಾಗಿತು ಎಂಬ ವರದಿ ಸಿಗುತ್ತದೆ. ಸಾವಿರಾರು ಜನರ ದಂಡಿಗೆ ಅದು ಗಣನೆಗೆ ಬಾರದ ಪೆಟ್ಟು. ಹಾಗಾಗಿ ಕೋಷ್ಟಕದ ತೀರ್ಪಿನಲ್ಲಿ ವುಡ್ ಸೋಲುತ್ತಾನೆ. ವಿಚಿತ್ರವೆಂದರೆ, ವಾಸ್ತವವಾದಿಗಳು ಮಕ್ಕಳಾಟವೆಂದು ಹಳಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇದಕ್ಕೊಂದು ನಿಯಮವಿತ್ತು. ಅದರ 1981ರ ಬೇಸಿಕ್ ಆವೃತ್ತಿಯಲ್ಲಿ ಎದುರಾಳಿಗಳಿಗೆಲ್ಲ ಧೈರ್ಯದ ಅಂಕಿಯೊಂದಿದೆ. ಎರಡು ದಾಳ ಹಾಕಿ ಬಂದ ಮೊತ್ತ ಅದನ್ನು ಮೀರಿದರೆ ಅವರು ಕಾಲಿಗೆ ಬುದ್ಧಿ ಹೇಳುತ್ತಾರೆ. ಯುದ್ಧದಾಟದ ಪರಂಪರೆಯಿಂದ ಬಂದ ಈ ಸರಳ ನಿಯಮ, ಗುಂಡಿನ ಬಗ್ಗೆ ಏನೂ ತಿಳಿಯದ ಆಟದಲ್ಲಿ ಉಳಿದುಕೊಂಡು, ಗುಂಡಿನ ಬಗ್ಗೆ ಎಲ್ಲ ತಿಳಿದ ಆಟಗಳ ಅಂಚಿಗೆ ಸರಿಯಿತು.

ಕಾರಣ ಊಹಿಸುವುದು ಕಷ್ಟವಲ್ಲ. ರೋಲ್‌ಪ್ಲೇಯಿಂಗ್ ಆಟದ ಆಟಗಾರ ಒಬ್ಬನೇ ಒಬ್ಬ ಪಾತ್ರದ ಒಡೆಯ. ಆ ಪಾತ್ರದ ಗುಂಡು ಗುರಿ ತಪ್ಪಿದರೆ ಸಹಿಸುತ್ತಾನೆ, ಕೈ ಮುರಿದರೂ ಸಹಿಸುತ್ತಾನೆ. ‘ನಿನಗೆ ಹೆದರಿಕೆಯಾಯಿತು, ಓಡು’ ಎಂದು ದಾಳ ಹೇಳಿದರೆ ಜಗಳಕ್ಕೆ ಬೀಳುತ್ತಾನೆ. ಪಂಥದ ಲೇಖಕರು ಗುಂಡು ನಳಿಗೆಯಿಂದ ಹೊರಟ ಮೇಲಿನದನ್ನು ಬಿಗಿಯಾಗಿ ಅಳೆದು, ಅದಕ್ಕೂ ಮುಂಚಿನದನ್ನು ಆಟಗಾರನ ಇಷ್ಟಕ್ಕೆ ಬಿಟ್ಟರು. ಅವರ ವಾಸ್ತವ ಶೂಟಿಂಗ್ ರೇಂಜಿನದು: ಬಂದೂಕು ನಿಜ, ಗುಂಡು ನಿಜ, ಎದುರಿಗಿರುವುದು ಕಾಗದ.

ಇದೇ ಬಿಕ್ಕಟ್ಟು ಪ್ರಷ್ಯನ್ನರಿಗೂ ಎದುರಾಗಿತ್ತು. ಕೋಷ್ಟಕಗಳ ಭಾರಕ್ಕೆ ಬೇಸತ್ತ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ 1876ರಲ್ಲಿ ಅವನ್ನು ಬದಿಗಿಟ್ಟು, ಯುದ್ಧ ಕಂಡ ಅನುಭವಿ ಪಂಚನ ತೀರ್ಪಿಗೆ ಆಟವನ್ನು ಒಪ್ಪಿಸುವ ಕ್ರಮ ಮುಂದಿಟ್ಟ. ಬ್ರೂಕ್‌ನ ಕೂಗನ್ನು ತೂಗಬಲ್ಲದ್ದು ಅಂಥ ಪಂಚನೇ. ಆದರೆ ಆತನಿಗೆ ಅನುಭವವಿಲ್ಲದಿದ್ದರೆ ತೀರ್ಪು ಸಿನಿಮಾ ಕಂಡ ನೆನಪಿನಿಂದ ಬರುತ್ತದೆ, ಆಗ ಕೋಷ್ಟಕವೇ ಮೇಲು. ಆ ಮಟ್ಟಿಗೆ ವಾಸ್ತವವಾದಿಗಳ ಹಟಕ್ಕೆ ಅರ್ಥವಿದೆ.

ಸಿನಿಮಾದ ಮಾತು ಬಂದ ಮೇಲೆ ಕೋಲಾರದ ಚಿನ್ನದ ಗಣಿಯನ್ನು ಬಿಡುವಂತಿಲ್ಲ. ಪ್ರಶಾಂತ್ ನೀಲ್ ನಿರ್ದೇಶನದ ಕೆಜಿಎಫ್ ಚಾಪ್ಟರ್ 2 (2022) ಚಿತ್ರದಲ್ಲಿ ನಾಯಕ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್‌ನಿಂದ ಪೊಲೀಸ್ ಠಾಣೆಯನ್ನು ಜಾಲಾಡಿ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸುತ್ತಾನೆ. ಅತಿರೇಕವೇ ಸರಿ. ಆದರೆ ಬಿಡುವಿಲ್ಲದೆ ಹಾರಿಸಿದ ಮೆಷಿನ್ ಗನ್ನಿನ ನಳಿಗೆ ಕಾದು ಕೆಡುವುದು ನಿಜ, ಅದನ್ನು ನಡುನಡುವೆ ಬದಲಿಸಬೇಕಾದದ್ದೂ ನಿಜ. ಗುಂಡು ಹೊಕ್ಕ ಅಂಗವನ್ನೆಲ್ಲ ಹೆಸರಿಸಿದ ಆಟಗಳಲ್ಲೂ ಎಷ್ಟೋ ಆಟಗಳು ಈ ಕಾವನ್ನು ಮರೆತಿವೆ.

ಉಳಿದದ್ದು ಬಾಣ, ಅಂದರೆ ಮೈಸೂರಿನ ರಾಕೆಟ್. ಹೈದರನ ತಂದೆ ಫತೇ ಮಹಮ್ಮದ್‌ನ ಗೋರಿ ಕೋಲಾರದಲ್ಲಿದೆ. ಆರ್ಕಾಟಿನ ನವಾಬನ ಬಳಿ ಆತ ಐವತ್ತು ಮಂದಿ ರಾಕೆಟ್ ಪಡೆಯ ಮುಖಂಡನಾಗಿದ್ದನೆಂದು ಹೇಳುತ್ತಾರೆ. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯೊಳಗೆ ಕಟ್ಟಿದ್ದರಿಂದ ರಾಕೆಟ್ ದೂರ ಹೋಗುವಂತಾಯಿತು. ನೆಟ್ಟಗೆ ಹೋಗುವುದು ಬೇರೆ ಮಾತು. ಆಟಗಳು ಇದನ್ನು ಕೈಬಾಂಬಿನಂತೆ ನಡೆಸುತ್ತವೆ: ಎಸೆ, ದಾಳ ಹಾಕಿ ಎತ್ತ ಹೊರಳಿತೆಂದು ನೋಡು, ಸಿಡಿದ ಸುತ್ತಳತೆಯಲ್ಲಿರುವವರಿಗೆ ಏಟು ಕೊಡು. ಹೊರಳುವ ಲೆಕ್ಕ ಸರಿ, ಏಟಿನ ಲೆಕ್ಕ ಅಷ್ಟು ಸರಿಯಲ್ಲ. ನೆಲಕ್ಕೆ ಬಿದ್ದೂ ಹಾವಿನಂತೆ ಹರಿಯುವ ಬೆಂಕಿಗೆ ಬೆಚ್ಚಿ ಕಟ್ಟು ಹರಿಯುವ ಕುದುರೆ, ಮದ್ದಿನ ಬಂಡಿ ಬಿಟ್ಟೋಡುವ ಎತ್ತು, ಇವೇ ಅದರ ಮುಖ್ಯ ಬಲಿ. 1780ರ ಪೊಳ್ಳಿಲೂರು ಕಾಳಗದಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದು ಕಂಪನಿಯ ದಳ ನಾಶವಾದದ್ದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಇಂದಿಗೂ ನೋಡಬಹುದು.

ಈಚಿನ ಆಟಗಳು ಪಂಥದ ಆಸ್ತಿಯಲ್ಲಿ ಆಯ್ದದ್ದನ್ನು ಮಾತ್ರ ಉಳಿಸಿಕೊಂಡಿವೆ. ಸ್ವೀಡನ್ನಿನ ಫ್ರೀ ಲೀಗ್ 2021ರಲ್ಲಿ ಹೊರತಂದ ಟ್ವೈಲೈಟ್ 2000ರ ನಾಲ್ಕನೆಯ ಆವೃತ್ತಿಯಲ್ಲಿ ಗಾಯದ ದೊಡ್ಡ ಕೋಷ್ಟಕಗಳಿಲ್ಲ. ಹೊಡೆಯುವಾಗ ಜೊತೆಗೆ ಎಷ್ಟು ‘ಅಮ್ಮೋ ದಾಳ’ ಹಾಕಬೇಕೆಂದು ಆಟಗಾರ ತೀರ್ಮಾನಿಸುತ್ತಾನೆ. ಅವುಗಳ ಮೇಲೆ ಬಿದ್ದ ಅಂಕಿಯಷ್ಟು ಗುಂಡು ಖರ್ಚು. ಗುಂಡಿಗೆ ಗುರಿಯಾದವನು ಧೈರ್ಯದ ದಾಳದಲ್ಲಿ ಸೋತರೆ ತಲೆ ತಗ್ಗಿಸಿ ಬಿದ್ದಿರಬೇಕು. ಹಳೆಯ ಆವೃತ್ತಿಯ ಎರಡು ಸಣ್ಣ ನಿಯಮಗಳೇ ಇಲ್ಲಿ ನಡುಮನೆಗೆ ಬಂದಿವೆ. 1768ರ ಕೋಲಾರ ಸೀಮೆಯನ್ನು ಮೇಜಿಗೆ ತರುವವರು ಇಲ್ಲಿಂದ ಹೊರಡುವುದು ಲೇಸು, ಎರಡು ತಿದ್ದುಪಡಿಯೊಂದಿಗೆ: ಸುತ್ತಿನ ಕಾಲ ಒಂದು ಬಾರಿ ಮದ್ದು ತುಂಬುವಷ್ಟಾದರೂ ಇರಬೇಕು, ಧೈರ್ಯದ ದಾಳವನ್ನು ಗುಂಡು ಸಿಡಿದಾಗಷ್ಟೇ ಹಾಕದೆ ಸುದ್ದಿ ಬಂದಾಗಲೂ, ಅದು ಸುಳ್ಳು ಸುದ್ದಿಯಾದರೂ, ಹಾಕಬೇಕು.