ಸಂಶಯವೂ ವಿತಂಡೆಯೂ: ಮಂಗಳನ ಚಿತ್ರಗಳನ್ನು ಕುರಿತು

ನಮ್ಮ ನೈಯಾಯಿಕರು ತಮ್ಮ ಶಾಸ್ತ್ರದ 16 ಪದಾರ್ಥಗಳನ್ನು ಎಣಿಸುವಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಮೂರನೆಯ ಸ್ಥಾನವನ್ನು ಸಂಶಯಕ್ಕೆ ಕೊಟ್ಟರು. ಸಂಶಯವು ಹುಟ್ಟದ ಕಡೆಯಲ್ಲಿ ವಿಚಾರಕ್ಕೆ ಪ್ರಸಕ್ತಿಯೇ ಇಲ್ಲವೆಂಬುದು ಅವರ ಅಭಿಪ್ರಾಯ. ಆದರೆ ಅದೇ ಗಣನೆಯಲ್ಲಿ ಮುಂದೆ ನಿರ್ಣಯವೂ, ಅದಕ್ಕೂ ಮುಂದೆ ವಿತಂಡೆಯೂ ಬರುತ್ತವೆ. ತನ್ನದೆಂಬ ಪಕ್ಷವೊಂದನ್ನು ಸ್ಥಾಪಿಸುವ ಹೊಣೆಯನ್ನು ಹೊರದೆ, ಎದುರಾಳಿಯ ಮಾತನ್ನು ಮುರಿಯುವುದರಲ್ಲಿಯೇ ಕೃತಾರ್ಥವಾಗುವ ವಾದವೇ ವಿತಂಡೆ. ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹದಿಂದ ತರಿಸಿಕೊಂಡ ಚಿತ್ರಗಳ ಸುತ್ತ ಅರ್ಧ ಶತಮಾನದಿಂದ ಬೆಳೆದು ಬಂದಿರುವ ಅವಿಶ್ವಾಸದ ವಾಙ್ಮಯವನ್ನು ಮೌಢ್ಯವೆಂದು ನಕ್ಕು ಬದಿಗೊತ್ತುವುದು ಸುಲಭ. ಅದು ಎಲ್ಲಿಯವರೆಗೆ ಸಂಶಯವಾಗಿತ್ತು, ಎಲ್ಲಿಂದ ವಿತಂಡೆಯಾಯಿತು ಎಂದು ವಿವೇಚಿಸುವುದು ಹೆಚ್ಚು ಉಪಯುಕ್ತ.

ಮುಸ್ಸಂಜೆಯಲ್ಲಿ ದೂರದ ಆಕೃತಿಯೊಂದನ್ನು ಕಂಡವನು ಕಂಬವೋ ಮನುಷ್ಯನೋ ಎಂದು ತಡವರಿಸುವುದು ಸಂಶಯಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ. 1976ರ ಜುಲೈ 25ರಂದು ವೈಕಿಂಗ್-1 ನೌಕೆಯು ಸೈಡೋನಿಯಾ ಎಂಬ ಪ್ರದೇಶದ ಮೇಲೆ ಹಾದುಹೋಗುತ್ತ ತೆಗೆದ ಚಿತ್ರದಲ್ಲಿ ಕಾಣಿಸಿಕೊಂಡ ಮನುಷ್ಯಮುಖವು ಈ ದೃಷ್ಟಾಂತದ ಯಥಾವತ್ತಾದ ಪುನರಾವೃತ್ತಿಯೇ ಸರಿ. ಸೂರ್ಯನು ದಿಗಂತಕ್ಕೆ ಸಮೀಪವಾಗಿದ್ದುದರಿಂದ ನೀಳವಾದ ನೆರಳು ಬಿದ್ದಿತ್ತು. ಮೂಗಿನ ಹೊಳ್ಳೆಯಂತೆ ತೋರಿದ ಕಪ್ಪು ಚುಕ್ಕೆಯು ಪ್ರಸಾರದಲ್ಲಿ ಕಳೆದುಹೋದ ಮಾಹಿತಿಯ ಗುರುತಾಗಿತ್ತು. ಇದು ನೆರಳು ಬೆಳಕಿನ ಭ್ರಮೆಯೆಂದು ನಾಸಾ ಆಗಲೇ ಹೇಳಿದರೂ, ಅಷ್ಟು ಮಸುಕಾದ ಪ್ರತಿಬಿಂಬವನ್ನು ನೋಡಿ ಬೇರೆ ರೀತಿಯಲ್ಲಿ ಊಹಿಸಿದವರನ್ನು ಆಕ್ಷೇಪಿಸಲಾಗದು. ಹತ್ತಿರದಿಂದ ಇನ್ನೊಮ್ಮೆ ನೋಡಿರೆಂಬ ಅವರ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಹತ್ತಿರದಿಂದ ನೋಡಲು ಹೊರಟ ಮಾರ್ಸ್ ಅಬ್ಸರ್ವರ್ ನೌಕೆಯು 1993ರ ಆಗಸ್ಟಿನಲ್ಲಿ ಮೌನವಾದಾಗ, ಇಂಧನ ವ್ಯವಸ್ಥೆಯ ಕೊಳವೆ ಒಡೆದಿರಬಹುದೆಂಬ ತನಿಖೆಯ ತೀರ್ಮಾನವನ್ನು ಒಪ್ಪದೆ, ಸತ್ಯವನ್ನು ಮರೆಮಾಚಲು ಬೇಕೆಂದೇ ಕೆಡಿಸಿದರೆಂದು ಹೇಳುವವರು ಹುಟ್ಟಿಕೊಂಡರು. 1998ರ ಏಪ್ರಿಲಿನಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯು ಮೊದಲಿನದಕ್ಕಿಂತ ಸುಮಾರು ಹತ್ತು ಪಟ್ಟು ಸ್ಪಷ್ಟವಾದ ಚಿತ್ರವನ್ನು ಕಳುಹಿಸಿ ಬರಿಯ ದಿಬ್ಬವನ್ನು ತೋರಿಸಿದಾಗ, ಮೋಡ ಕವಿದಿತ್ತೆಂದರು. 2001ರ ಏಪ್ರಿಲ್ 8ರಂದು, ನಿರ್ಮಲವಾದ ಆಕಾಶದಲ್ಲಿ, ಒಂದೊಂದು ಬಿಂದುವಿಗೆ 1.56 ಮೀಟರಿನಷ್ಟು ಸೂಕ್ಷ್ಮವಾಗಿ ಅದೇ ದಿಬ್ಬವು ಮತ್ತೆ ಕಂಡಿತು. ಆಗಲೂ ಹಟವಾದಿಗಳ ಬಾಯಿ ಮುಚ್ಚಲಿಲ್ಲ. ಕಂಬದ ಬಳಿಗೆ ಹೋಗಿ ಕೈಯಿಂದ ಮುಟ್ಟಿ ನೋಡಿದ ಮೇಲೆಯೂ ಮನುಷ್ಯನೇ ಎನ್ನುವವನಲ್ಲಿ ಉಳಿದಿರುವುದು ಸಂಶಯವಲ್ಲ.

ಬಣ್ಣದ ಪ್ರಶ್ನೆಯು ಇದಕ್ಕಿಂತ ಗಹನವಾದದ್ದು. ಅವಿಶ್ವಾಸಿಗಳ ಪಕ್ಷದಲ್ಲಿ ಬಲವಿರುವುದೂ ಇಲ್ಲಿಯೇ. ವೈಕಿಂಗ್-1ರ ಇಳಿಯುವ ಘಟಕವು ನೆಲ ಮುಟ್ಟಿದ ಮರುದಿನ ಪ್ರಕಟವಾದ ಮೊದಲ ವರ್ಣಚಿತ್ರದಲ್ಲಿ ಮಂಗಳನ ಆಕಾಶವು ನಮ್ಮದರಂತೆ ನೀಲಿಯಾಗಿತ್ತು. ವರ್ಣಸಂಯೋಜನೆಯನ್ನು ಪರಿಶೀಲಿಸಿದ ಬಳಿಕ, ತೇಲುವ ಧೂಳಿನ ದೆಸೆಯಿಂದ ಅದು ವಸ್ತುತಃ ಮಾಸಲು ಕೆಂಪೆಂದು ವಿಜ್ಞಾನಿಗಳು ತಿದ್ದಿದರು. ಆ ತಿದ್ದುಪಡಿಯನ್ನು ನೆರೆದಿದ್ದ ಪತ್ರಕರ್ತರು ವಿನೋದದ ಗೇಲಿಯಿಂದ ಸ್ವಾಗತಿಸಿದರೆಂದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಬರೆದಿಟ್ಟಿದ್ದಾನೆ. 2004ರ ಜನವರಿಯಲ್ಲಿ ಸ್ಪಿರಿಟ್ ರೋವರು ಇಳಿದಾಗ ಇನ್ನೊಂದು ವಿಪರ್ಯಾಸವೊದಗಿತು. ವರ್ಣಗಳನ್ನು ತಾಳೆ ನೋಡುವುದಕ್ಕಾಗಿ ರೋವರಿನ ಮೇಲೆಯೇ ಕೂರಿಸಿದ್ದ ಫಲಕದ ನೀಲಿ ತುಣುಕು ಕೆಲವು ಚಿತ್ರಗಳಲ್ಲಿ ಗುಲಾಬಿಯಾಗಿ ಕಂಡಿತು. ನೀಲಿಯನ್ನೇ ಕೆಂಪುಮಾಡಿದ ಮೇಲೆ ಆಕಾಶವನ್ನು ಕೆಂಪುಮಾಡದೆ ಬಿಟ್ಟಾರೆಯೇ ಎಂಬ ಪ್ರಶ್ನೆಯೆದ್ದಿತು. ಆ ಪ್ರಶ್ನೆ ಚುರುಕಾದದ್ದು. ಉತ್ತರವೂ ಅಷ್ಟೇ ಸ್ವಾರಸ್ಯವುಳ್ಳದ್ದು. ರೋವರಿನ ಕ್ಯಾಮೆರಾ ಶೋಧಕಗಳನ್ನು ಒಂದಾದಮೇಲೊಂದರಂತೆ ಅಡ್ಡವಿಟ್ಟು ಕಪ್ಪು-ಬಿಳುಪು ಚಿತ್ರಗಳನ್ನೇ ತೆಗೆಯುತ್ತಿತ್ತು. ಶಿಲೆಗಳ ಘಟಕಗಳನ್ನು ಗುರುತಿಸಲು ಅನುಕೂಲವೆಂದು ವಿಜ್ಞಾನಿಗಳು ಕೆಂಪಿನ ಸ್ಥಾನದಲ್ಲಿ ಅನೇಕ ವೇಳೆ ಅವಕೆಂಪಿನ ಅಂಚಿನ ಶೋಧಕವನ್ನು ಬಳಸಿದರು. ಆ ನೀಲಿ ಬಣ್ಣದ ದ್ರವ್ಯವು ಅವಕೆಂಪು ಕಿರಣಗಳನ್ನು ವಿಶೇಷವಾಗಿ ಪ್ರತಿಫಲಿಸುವಂಥದಾದ್ದರಿಂದ ಕೆಂಪೇರಿತು. ಇದರಲ್ಲಿ ವಂಚನೆಯಿಲ್ಲ. ಆದರೆ ಚಿತ್ರವನ್ನು ಕಂಡೊಡನೆ ಇದು ಕಣ್ಣಿನ ಬಣ್ಣವಲ್ಲವೆಂದು ತಿಳಿಯುವಂತೆ ಹೇಳದೆ, ಸಾಮಾನ್ಯರ ಮುಂದೆ ಅದನ್ನು ಕಣ್ಣಾರೆ ಕಂಡ ನೋಟವೆಂಬಂತೆ ಬಿಟ್ಟದ್ದು ಅನವಧಾನ. ಈ ಮಟ್ಟಿಗೆ ಆಕ್ಷೇಪಕ್ಕೆ ಮನ್ನಣೆ ಸಲ್ಲಬೇಕು.

ಸಂಶಯವು ತನ್ನ ದಾರಿಯಲ್ಲಿ ನೆಟ್ಟಗೆ ನಡೆದರೆ ಎಲ್ಲಿಗೆ ಮುಟ್ಟೀತೆಂಬುದಕ್ಕೆ 2014ರ ಪ್ರಸಂಗವು ನಿದರ್ಶನ. ಆಪರ್ಚ್ಯುನಿಟಿ ರೋವರಿನ ಮುಂದೆ, ಹನ್ನೆರಡು ಮಂಗಳದಿನಗಳ ಹಿಂದೆ ಬರಿದಾಗಿದ್ದ ನೆಲದ ಮೇಲೆ, ಅಂಚು ಬಿಳಿದಾಗಿ ನಡುವೆ ಕೆಂಪಾಗಿದ್ದ ಕಲ್ಲೊಂದು ಕಾಣಿಸಿಕೊಂಡಿತು. ಅದು ಬೂಸಿನಂಥ ಜೀವಿಯೆಂದೂ, ಸಂಸ್ಥೆಯು ಅದನ್ನು ಸಮೀಪದಿಂದ ಪರೀಕ್ಷಿಸಬೇಕೆಂದೂ ಒಬ್ಬನು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಅದಕ್ಕಾಗಿ ನಾವು ನಗಬೇಕಾಗಿಲ್ಲ. ಯಾವ ಪರೀಕ್ಷೆಯಿಂದ ತನಗೆ ಸಮಾಧಾನವಾದೀತೆಂದು ಮುಂದಾಗಿ ಹೇಳಿದ್ದು ಆ ವಾದದ ಗುಣ. ಪರೀಕ್ಷೆ ನಡೆದು ಗಂಧಕವೂ ಮ್ಯಾಂಗನೀಸೂ ಹೇರಳವಾಗಿರುವ ಕಲ್ಲೆಂದು ತಿಳಿಯಿತು. ರೋವರು ಸ್ವಲ್ಪ ಸರಿದಾಗ, ಅದರ ಚಕ್ರಕ್ಕೆ ಸಿಕ್ಕಿ ಒಡೆದ ಮೂಲಶಿಲೆಯೂ ಇಳಿಜಾರಿನ ಮೇಲ್ಗಡೆಯಲ್ಲಿಯೇ ಕಂಡಿತು.

ಇನ್ನು, ರೋವರುಗಳು ಮಂಗಳಕ್ಕೆ ಹೋಗಿಯೇ ಇಲ್ಲ, ಚಿತ್ರಗಳೆಲ್ಲ ಕೆನಡಾದ ಉತ್ತರ ತುದಿಯ ಡೆವನ್ ದ್ವೀಪದಲ್ಲಿ ತೆಗೆದವೆಂಬ ವಾದವುಂಟು. ಅಲ್ಲಿಯ ಬೋಳು ನೆಲವು ಮಂಗಳನನ್ನು ಹೋಲುವುದೂ, ವಿಜ್ಞಾನಿಗಳು ಅಲ್ಲಿ ಅಭ್ಯಾಸ ನಡೆಸುವುದೂ ನಿಜ. ಕೃತಕ ಮಂಗಳಯಾತ್ರೆಯ ಕಥೆಯನ್ನು ಪೀಟರ್ ಹೈಮ್ಸನ ‘ಕ್ಯಾಪ್ರಿಕಾರ್ನ್ ಒನ್’ ಚಲನಚಿತ್ರವು 1970ರ ದಶಕದಲ್ಲಿಯೇ ಜನರ ಕಲ್ಪನೆಯಲ್ಲಿ ನೆಲೆಗೊಳಿಸಿತ್ತು. ಆದರೆ ಆ ಕಥೆಯು ನಡೆಯಬೇಕಾದರೆ ಸಾಕ್ಷಿಯು ಒಬ್ಬನೇ ಇರಬೇಕು. ಈಗ ಸ್ಥಿತಿ ಹಾಗಿಲ್ಲ. 2012ರಲ್ಲಿ ಕ್ಯೂರಿಯಾಸಿಟಿ ರೋವರು ಇಳಿಯುತ್ತಿದ್ದಾಗ ಅದರ ಸಂಕೇತಗಳನ್ನು ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯು ಗ್ರಹಿಸಿತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಆಂಟೆನಾಗಳ ಮೂಲಕ ನಮ್ಮವರು ನಡೆಸಿದ ಮಂಗಳಯಾನವೂ ಅದೇ ಕಾವಿಬಣ್ಣದ ಗೋಳವನ್ನು ತೋರಿಸಿತು. ಅಮೆರಿಕಕ್ಕೆ ಮಿತ್ರನಲ್ಲದ ಚೀನಾದ ತಿಯಾನ್ವೆನ್-1 ನೌಕೆಯು 2022ರಲ್ಲಿ ನೆಲದ ಮೇಲಿನ ಪರ್ಸಿವಿಯರೆನ್ಸ್ ರೋವರನ್ನೇ ಚಿತ್ರಿಸಿತು. ಪ್ರತಿಸ್ಪರ್ಧಿಯ ಸಾಕ್ಷ್ಯಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ಯಾವ ನ್ಯಾಯಸ್ಥಾನವೂ ಕೇಳಲಾರದು.

ಇಷ್ಟಾದರೂ ಸಾಮಾನ್ಯನ ಕಷ್ಟವೊಂದು ಉಳಿಯುತ್ತದೆ. ಮಂಗಳನ ವಿಷಯದಲ್ಲಿ ಅವನಿಗೆ ಪ್ರತ್ಯಕ್ಷವಿಲ್ಲ. ಶಬ್ದಪ್ರಮಾಣವೇ ಗತಿ, ಎಂದರೆ ಆಪ್ತರ ಮಾತನ್ನು ನಂಬಬೇಕು. ಆಪ್ತನಾರು? ಎಂದೂ ತಪ್ಪದವನೆಂದರೆ ಅಂಥವನು ಲೋಕದಲ್ಲಿ ದೊರೆಯುವುದಿಲ್ಲ. ತಾನು ಆಡಿದ ಮಾತನ್ನು ಪರೀಕ್ಷಿಸುವ ಸಾಧನವನ್ನು ಪರರ ಕೈಗೆ ಕೊಟ್ಟು, ತಪ್ಪಿದಾಗ ತಿದ್ದಿಕೊಳ್ಳುವವನೇ ಆಪ್ತ. ಈ ಲಕ್ಷಣವನ್ನು ಎರಡು ಪಕ್ಷಗಳಿಗೂ ಅನ್ವಯಿಸಿದರೆ ತೀರ್ಪು ತಾನಾಗಿಯೇ ಹೊರಬೀಳುತ್ತದೆ. ಗೇಲಿಯನ್ನು ಸಹಿಸಿ ಆಕಾಶದ ಬಣ್ಣವನ್ನು ತಿದ್ದಿದ್ದು ನಾಸಾ. ರೋವರುಗಳ ಚಿತ್ರಗಳನ್ನು ಸಂಸ್ಕರಿಸುವ ಮೊದಲೇ ಸಾರ್ವಜನಿಕರಿಗೆ ತೆರೆದಿಟ್ಟಿದ್ದೂ ಅದೇ. ಗುಲಾಬಿಯಾದ ತುಣುಕನ್ನೂ, ಇಲ್ಲದಿದ್ದು ಬಂದ ಕಲ್ಲನ್ನೂ ಆಕ್ಷೇಪಕರು ಎತ್ತಿ ತೋರಿಸಿದ್ದು, ಬಚ್ಚಿಟ್ಟರೆಂದು ಅವರು ದೂರುವ ಸಂಸ್ಥೆಯೇ ಹೊರಗಿಟ್ಟ ಚಿತ್ರಗಳಿಂದ. ಇತ್ತ, 1976ರ ಮುಖವನ್ನು ಆಧರಿಸಿ ನಗರಗಳನ್ನೂ ಪಿರಮಿಡ್ಡುಗಳನ್ನೂ ಕಟ್ಟಿದ ಗ್ರಂಥಗಳು 2001ರ ಚಿತ್ರಕ್ಕೆ ತಲೆಬಾಗಲಿಲ್ಲ. ಈ ವಾಙ್ಮಯದ ದೋಷವು ಅದರ ಪ್ರಶ್ನೆಗಳಲ್ಲಿಲ್ಲ, ಅವುಗಳಲ್ಲಿ ಕೆಲವು ವಿಜ್ಞಾನಿಗಳಿಗೂ ಪಾಠ ಕಲಿಸುವಂಥವು. ಉತ್ತರವು ಹೀಗೆ ಬಂದರೆ ನಾನು ಸೋತೆನೆಂದು ಒಪ್ಪುವೆನೆಂಬ ಕರಾರಿಗೆ ಅದು ಎಂದೂ ಸಹಿ ಹಾಕಲಿಲ್ಲವಾದ್ದರಿಂದಲೇ ಅದು ವಿಚಾರವೆಂಬ ಹೆಸರಿಗೆ ಅರ್ಹವಾಗಲಿಲ್ಲ.