ರೈಫಲ್ ಸ್ಕೋಪ್: ಹೋಲಿಕೆಯ ಪಟ್ಟಿಗಳು ಹೇಳದ ಸಂಗತಿ

ರೈಫಲ್ಲಿನ ಮೇಲೆ ಜೋಡಿಸುವ ದೂರದರ್ಶಕವೇ ಸ್ಕೋಪ್. ಇವುಗಳನ್ನು ಹೋಲಿಸುವ ಪಟ್ಟಿಗಳು ಎರಡು ಸಂಖ್ಯೆಗಳನ್ನು ಮುಂದಿಡುತ್ತವೆ: ವರ್ಧನೆ ಮತ್ತು ವಸ್ತುಕ ಮಸೂರದ ವ್ಯಾಸ. '3–9×40' ಎಂದರೆ 3ರಿಂದ 9 ಪಟ್ಟು ವರ್ಧನೆ, 40 ಮಿ.ಮೀ. ವ್ಯಾಸ. ಸಂಖ್ಯೆ ದೊಡ್ಡದಾದಷ್ಟೂ ಗುರಿ ನಿಖರ ಎಂಬುದು ಈ ಪಟ್ಟಿಗಳ ಧೋರಣೆ. ಪಿಯುಸಿ ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೆ ಇದು ನಿಲ್ಲುವುದಿಲ್ಲ.

ವಿದೇಶಿ ಪಟ್ಟಿಗಳಲ್ಲಿ 'ಸಣ್ಣ ಬೇಟೆಗೆ' ಎಂಬ ಅಂಕಣವೂ ಇರುತ್ತದೆ. ನಮ್ಮಲ್ಲಿ ಅದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲದ ಬೇಟೆಯೂ ಇಂದು ಅಪರಾಧ. ಇನ್ನುಳಿಯುವುದು ಗುರಿ ಅಭ್ಯಾಸ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಂತೂ ಸ್ಕೋಪಿಗೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದದ್ದು ದೂರದರ್ಶಕವಿಲ್ಲದೆ, ಸಣ್ಣ ಕಿಂಡಿಯೊಂದರ ಮೂಲಕ ನೋಡಿ. ಅಲ್ಲಿ 10 ಅಂಕದ ವೃತ್ತದ ವ್ಯಾಸ ಕೇವಲ 0.5 ಮಿ.ಮೀ.! ನಿಖರತೆಗೂ ವರ್ಧನೆಗೂ ಬಿಡಿಸಲಾಗದ ನಂಟೇನಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ವರ್ಧನೆಯಿಂದ ಏನು ಲಾಭ? ಬರಿಗಣ್ಣು ಸುಮಾರು 1 ಮಿನಿಟು ಕೋನದಷ್ಟು ಅಂತರವನ್ನು ಗುರುತಿಸಬಲ್ಲದು. 50 ಮೀಟರ್ ದೂರದಲ್ಲಿ ಇದು 14.5 ಮಿ.ಮೀ. ವರ್ಧನೆ 4 ಪಟ್ಟಾದರೆ 3.6 ಮಿ.ಮೀ., 9 ಪಟ್ಟಾದರೆ 1.6 ಮಿ.ಮೀ. ಅಂದರೆ 4ರಿಂದ 9ಕ್ಕೆ ಏರಿದಾಗ ಸಿಗುವ ಲಾಭ 2 ಮಿ.ಮೀ.

ಇನ್ನು ನಷ್ಟ. ಸ್ಪೆಕ್ಟ್ರೋಮೀಟರ್ ಬಳಸಿದ ವಿದ್ಯಾರ್ಥಿಗಳಿಗೆ ಪ್ಯಾರಲಾಕ್ಸ್ ಪರಿಚಿತ. ಪ್ರತಿಬಿಂಬವೂ ಕ್ರಾಸ್‌ವೈರೂ ಒಂದೇ ಸಮತಲದಲ್ಲಿ ಇರದಿದ್ದರೆ, ಕಣ್ಣು ಸರಿದಾಗ ಒಂದರ ಮೇಲೊಂದು ಜಾರುತ್ತವೆ. ಹೊಂದಾಣಿಕೆಯ ತಿರುಪಿಲ್ಲದ ಹಲವು ಸ್ಕೋಪ್‌ಗಳನ್ನು 100 ಗಜ, ಎಂದರೆ ಸುಮಾರು 91 ಮೀಟರ್ ದೂರಕ್ಕೆ ಕಾರ್ಖಾನೆಯಲ್ಲೇ ಸರಿಪಡಿಸಿರುತ್ತಾರೆ. 9 ಪಟ್ಟು ವರ್ಧನೆಯಲ್ಲಿ ಕಣ್ಣು 1 ಮಿ.ಮೀ. ಸರಿದರೆ, ಅದನ್ನು ಸೇರುವ ಬೆಳಕು ವಸ್ತುಕದ ಮೇಲೆ ಅಕ್ಷದಿಂದ 9 ಮಿ.ಮೀ. ದೂರದಲ್ಲಿ ಒಳಬಂದಿರುತ್ತದೆ. ಸದೃಶ ತ್ರಿಭುಜಗಳಿಂದ, 50 ಮೀಟರಿನಲ್ಲಿ ಆಗುವ ದೋಷ 9×(91−50)/91, ಸುಮಾರು 4 ಮಿ.ಮೀ. ವರ್ಧನೆ 4 ಪಟ್ಟಾಗಿದ್ದರೆ 1.8 ಮಿ.ಮೀ. ಮಾತ್ರ. ಅಂದರೆ ನಷ್ಟ 2.2 ಮಿ.ಮೀ.; ಲಾಭವನ್ನು ನುಂಗಿ ಮಿಕ್ಕಿತು. ಕಣ್ಣು ಇನ್ನೂ ಸರಿದರೆ ದೋಷದ ಮಿತಿಯನ್ನು ನಿರ್ಧರಿಸುವುದು ವಸ್ತುಕದ ತ್ರಿಜ್ಯ: 40 ಮಿ.ಮೀ. ಮಸೂರಕ್ಕೆ 9 ಮಿ.ಮೀ. ಮಸೂರ ದೊಡ್ಡದಾದರೆ ಈ ಮಿತಿಯೂ ಹೆಚ್ಚುತ್ತದೆ. 4 ಪಟ್ಟು ವರ್ಧನೆಯಲ್ಲಿ ನೇತ್ರಕದಿಂದ ಹೊರಬರುವ ಬೆಳಕಿನ ಕಂತೆಯ ವ್ಯಾಸ 40/4, ಎಂದರೆ 10 ಮಿ.ಮೀ. ಹಗಲಿನಲ್ಲಿ ಪಾಪೆಯ ವ್ಯಾಸ 2–3 ಮಿ.ಮೀ. ಮಾತ್ರವಾದ್ದರಿಂದ ಹೆಚ್ಚಿನ ಬೆಳಕು ವ್ಯರ್ಥ.

ಪಟ್ಟಿಗಳು ಹೇಳದ ಇನ್ನೊಂದು ಗುಣ ತಿರುಪಿನದು. ಪೀಣ್ಯದ ಯಾವುದೇ ಲೇತ್ ಕೆಲಸಗಾರನಿಗೆ ಬ್ಯಾಕ್‌ಲ್ಯಾಶ್ ಗೊತ್ತು: ತಿರುಪನ್ನು ಹಿಂದಕ್ಕೆ ತಿರುಗಿಸಿದರೆ ಮೊದಲು ಸಡಿಲು ಕಳೆಯಬೇಕು. ಸ್ಕೋಪಿನ ತಿರುಪಿಗೂ ಇದೇ ನಿಯಮ. ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಜಗ್ಗುವುದರಿಂದ ಬಿಗಿಯಿಲ್ಲದ ಸ್ಕೋಪ್ ಅಲ್ಲಿ ಬೇಗ ಕೆಡುತ್ತದೆ.

ಇವೆರಡನ್ನೂ ಬಂದೂಕಿಲ್ಲದೆಯೇ ಪರೀಕ್ಷಿಸಬಹುದು. ಸ್ಕೋಪನ್ನು ಮಾತ್ರ ಗಟ್ಟಿಯಾದ ಸ್ಟ್ಯಾಂಡಿಗೆ ಬಿಗಿದು, ಕಾಲೇಜಿನ ಕಾರಿಡಾರಿನಲ್ಲಿ 25 ಮೀಟರ್ ದೂರದ ಗ್ರಾಫ್ ಹಾಳೆಯನ್ನು ನೋಡಿರಿ. ಕಣ್ಣನ್ನು ಅತ್ತಿತ್ತ ಸರಿಸಿ, ಕ್ರಾಸ್‌ವೈರ್ ಎಷ್ಟು ಮಿ.ಮೀ. ಜಾರಿತೆಂದು ಓದಿಕೊಳ್ಳಿರಿ. ಬಳಿಕ ನೇತ್ರಕದ ಹಿಂದೆ ಸಣ್ಣ ರಂಧ್ರದ ರಟ್ಟು ಹಿಡಿದು ಕಣ್ಣನ್ನು ಮಧ್ಯದಲ್ಲಿರಿಸಿ, ತಿರುಪನ್ನು ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಕೆಳಕ್ಕೆ 20 ಕ್ಲಿಕ್‌ನಂತೆ ಸರಿಸಿರಿ. ಕ್ಲಿಕ್ಕಿಗೆ ಕಾಲು ಮಿನಿಟಿನ ಸ್ಕೋಪಿನಲ್ಲಿ ಚೌಕದ ಪ್ರತಿ ಬದಿ 36 ಮಿ.ಮೀ. ಇರಬೇಕು, ಕ್ರಾಸ್‌ವೈರ್ ಹೊರಟಲ್ಲಿಗೇ ಮರಳಬೇಕು. ಸ್ಕೋಪನ್ನು ಸೂರ್ಯನತ್ತ ಎಂದೂ ತಿರುಗಿಸಬಾರದು.

50 ಮೀಟರ್ ಅಭ್ಯಾಸಕ್ಕೆ, ಆ ದೂರಕ್ಕೆ ಹೊಂದಿಸಿದ 4 ಪಟ್ಟಿನ ಸರಳ ಸ್ಕೋಪು ಹೊಂದಾಣಿಕೆಯಿಲ್ಲದ 9 ಪಟ್ಟಿನದಕ್ಕಿಂತ ಮೇಲು. 9 ಪಟ್ಟೇ ಬೇಕೆನ್ನುವವರು ಪ್ಯಾರಲಾಕ್ಸ್ ಸರಿಪಡಿಸುವ ತಿರುಪು ಇರುವುದನ್ನೇ ಕೊಳ್ಳಬೇಕು.